ಶಿರ್ಸಿಯ ಮೇಲ್ಮಹಡಿ ಟ್ಯಾಕ್ಸ್ ಆಫೀಸು, ನನ್ನ ನಾಲ್ಕು ಸಾವಿರ ಆಪ್ಷನ್ನು

ದೇವಿಕೆರೆ ಆಸುಪಾಸಲ್ಲಿ ಕೆಳಗೆ ಒಂದು ಜವಳಿ ಅಂಗಡಿ, ಪಕ್ಕದಲ್ಲಿ ಕಡಿದಾದ ಒಂದು ಮೆಟ್ಟಿಲು, ಹತ್ತಿ ಹೋದ್ರೆ ಎರಡು ರೂಮಿನ ಒಂದು ಲೆಕ್ಕಪರಿಶೋಧಕರ ಆಫೀಸು. ಆಫೀಸಿನ ಹೆಸರು ಹಾಕ್ತಿಲ್ಲ, ಮೇಡಂ ಅವರೇ ಬೇಡ ಅಂದ್ರು, ಜುಲೈ ತಿಂಗಳಲ್ಲಿ ಈಗ ಬರೋ ಜನಕ್ಕೇ ಕೂರೋಕೆ ಕುರ್ಚಿ ಸಾಲ್ತಿಲ್ಲ ಅಂತೆ. ಆದ್ರೂ ಬರೀತಿದೀನಿ, ಯಾಕಂದ್ರೆ ನಮ್ಮ ಕಡೆ ಈಗ ಊರಲ್ಲೇ ಕೂತು ಬೆಂಗಳೂರು ಕಂಪನಿ ಕೆಲಸ ಮಾಡೋ ಹುಡುಗ್ರು ಹುಡುಗೀರು ಬೇಕಾದಷ್ಟಿದ್ದಾರೆ, ಅವರಲ್ಲಿ ಅರ್ಧ ಜನರ ಹತ್ರ ಇಸಾಪ್ ಅಂತಲೋ ಆರ್‌ಎಸ್‌ಯು ಅಂತಲೋ ಕಂಪನಿ ಸಂಬಳದ ಜೊತೆ ಶೇರು ಕೊಡೋ ಏನೋ ಒಂದು ಕಾಗದ ಇರತ್ತೆ, ಅದನ್ನ ಯಾರಿಗೆ ತೋರಿಸ್ಬೇಕು ಅಂತ ಯಾರಿಗೂ ಗೊತ್ತಿರಲ್ಲ. ನಂಗೂ ಗೊತ್ತಿರ್ಲಿಲ್ಲ.

ಮೊದಲ ಸಲ ಹೋಗಿದ್ದು 2024ರ ಡಿಸೆಂಬರಲ್ಲಿ. ನವೆಂಬರಲ್ಲಿ ಇನ್‌ಕಂ ಟ್ಯಾಕ್ಸ್ ಇಲಾಖೆಯವರು ಒಂದು ಅಭಿಯಾನ ಶುರು ಮಾಡಿದ್ರಲ್ಲ, ಫಾರಿನ್ ಆಸ್ತಿ ಇದ್ದೂ ರಿಟರ್ನಲ್ಲಿ ತೋರಿಸ್ದೇ ಇದ್ದೋರಿಗೆಲ್ಲ ಎಸ್‌ಎಂಎಸ್ಸು ಇಮೇಲು ಕಳ್ಸಿದ್ದು, ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಿ ಅಂತ, ಅದು ನಂಗೂ ಬಂತು. ಕೊಟ್ಟಿಗೆ ಹತ್ರ ನಿಂತು ಎಸ್‌ಎಂಎಸ್ ಓದಿದೆ. ಫಾರಿನ್ ಆಸ್ತಿ! ನಮ್ಮದು ಅಂತ ಇರೋದು ಒಂದೂಕಾಲು ಎಕರೆ ತೋಟ, ಅದೂ ಅಪ್ಪಯ್ಯನ ಹೆಸರಲ್ಲಿ. ಆಮೇಲೆ ಹೊಳೀತು, ಹಿಂದಿನ ಕಂಪನಿ ಅಮೆರಿಕದ ಶೇರುಪೇಟೆಲಿ ಲಿಸ್ಟ್ ಆಗಿರೋದು, ಅವರು ಕೊಟ್ಟ ಸ್ವಲ್ಪ ಶೇರು ಅಲ್ಲಿಯ ಬ್ರೋಕರ್ ಅಕೌಂಟಲ್ಲಿ ಹಂಗೇ ಕೂತಿದೆ. ಅದೇ ಫಾರಿನ್ ಆಸ್ತಿ.

ಆ ವರ್ಷದ ರಿಟರ್ನ್ ಹಾಕಿಸಿದ್ದು ಆನ್‌ಲೈನಲ್ಲಿ ಒಂದು ಸರ್ವಿಸ್ ಮೂಲಕ, ₹5,999 ಕೊಟ್ಟಿದ್ದೆ, ಎಕ್ಸ್‌ಪರ್ಟ್ ಅಸಿಸ್ಟೆಡ್ ಅಂತ ಪ್ಲಾನಿನ ಹೆಸರು. ಆ ಎಕ್ಸ್‌ಪರ್ಟ್ ನಂಗೆ ಒಂದು ಸಲಾನೂ ಫೋನ್ ಮಾಡಿಲ್ಲ, ಚಾಟಲ್ಲಿ ಫಾರ್ಮ್ 16 ಕೇಳಿದ, ಕೊಟ್ಟೆ, ಮುಗೀತು. ಮೇಡಂ ಆ ರಿಟರ್ನ್ ತೆಗೆದು ಎರಡು ನಿಮಿಷ ನೋಡಿದ್ರು, ಆಮೇಲೆ ಕನ್ನಡಕ ಮೇಲೆತ್ತಿ "ಇದ್ರಲ್ಲಿ ಎರಡು ತಪ್ಪಿದೆ ತಮ್ಮಾ, ಒಂದು ನಿಮಗೆ ಭಯ ಆಗೋ ಅಂಥದ್ದು, ಇನ್ನೊಂದು ಸಿಟ್ಟು ಬರೋ ಅಂಥದ್ದು, ಯಾವ್ದು ಮೊದಲು ಹೇಳ್ಲಿ" ಅಂದ್ರು.

ಭಯದ್ದು ಏನಂದ್ರೆ ರಿಟರ್ನಲ್ಲಿ ವಿದೇಶಿ ಆಸ್ತಿ ತೋರಿಸೋ ಪಟ್ಟಿ, ಶೆಡ್ಯೂಲ್ ಎಫ್‌ಎ ಪೂರ್ತಿ ಖಾಲಿ. ವಿದೇಶಿ ಶೇರು ಇದ್ರೆ ಅಲ್ಲಿ ತುಂಬ್ಲೇಬೇಕು, ಲಾಭ ಆಗ್ಲಿ ಆಗ್ದೇ ಇರ್ಲಿ, ಮಾರಿರ್ಲಿ ಮಾರ್ದೇ ಇರ್ಲಿ. ತುಂಬ್ದೇ ಇದ್ರೆ 2015ರ ಕಪ್ಪುಹಣ ಕಾಯ್ದೆ ಪ್ರಕಾರ ವರ್ಷಕ್ಕೆ ₹10 ಲಕ್ಷ ದಂಡ ಹಾಕೋ ಅಧಿಕಾರ ಇದೆ. ನಮ್ಮಂಥ ಸಣ್ಣವ್ರಿಗೆ 2024ರ ಅಕ್ಟೋಬರ್ 1ರಿಂದ ಒಂದು ರಿಯಾಯಿತಿ ಬಂದಿದೆ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿ ಎಲ್ಲ ಸೇರಿ ₹20 ಲಕ್ಷದೊಳಗಿದ್ರೆ ಆ ದಂಡ ಹಾಕಲ್ಲ. ದಂಡ ಇಲ್ಲ ಅಷ್ಟೇ, ತೋರಿಸೋ ಕೆಲಸ ತಪ್ಪಿದ್ದಲ್ಲ, ಅದನ್ನ ಮೂರು ಸಲ ಹೇಳಿದ್ರು. ಇನ್ನೊಂದು ಗಮ್ಮತ್ತು ಏನಂದ್ರೆ ನಮ್ಮ ರಿಟರ್ನ್ ಏಪ್ರಿಲಿಂದ ಮಾರ್ಚಿಗೆ, ಈ ಎಫ್‌ಎ ಮಾತ್ರ ಜನವರಿಯಿಂದ ಡಿಸೆಂಬರಿಗೆ. ವರ್ಷದಲ್ಲಿ ಜಾಸ್ತಿಯಲ್ಲಿ ಜಾಸ್ತಿ ಎಷ್ಟಿತ್ತು, ಡಿಸೆಂಬರ್ 31ಕ್ಕೆ ಎಷ್ಟಿತ್ತು, ಎಲ್ಲಾನೂ ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ರೇಟಲ್ಲಿ (ಬ್ಯಾಂಕು ಡಾಲರ್ ಕೊಳ್ಳೋ ದರ) ರೂಪಾಯಿಗೆ ತಿರುಗಿಸಿ ಬರೀಬೇಕು.

ಸಿಟ್ಟು ಬರೋದು: ಆ ವರ್ಷ ಸ್ವಲ್ಪ ಶೇರು ಮಾರಿದ್ದೆ, ₹1,58,000 ಬಂದಿತ್ತು. ಶೇರು ನನ್ನ ಕೈಗೆ ಬಂದ ದಿನ ಅದರ ಬೆಲೆ ₹1,42,000 ಇತ್ತು, ಆ ಪೂರ್ತಿ ಮೊತ್ತಕ್ಕೆ ಕಂಪನಿ ಆಗ್ಲೇ ಸಂಬಳ ಅಂತ ಲೆಕ್ಕ ಹಿಡಿದು ಟ್ಯಾಕ್ಸ್ ಮುರ್ಕೊಂಡಿತ್ತು. ಅಂದ್ರೆ ಮಾರಿದಾಗ ಲಾಭ ಬರೀ 16,000. ಎಕ್ಸ್‌ಪರ್ಟ್ ಸಾಹೇಬ್ರು ಶೇರು ಪುಕ್ಕಟೆ ಸಿಕ್ಕಿದ್ದಲ್ವಾ ಅಂತ ಖರೀದಿ ಬೆಲೆ ಸೊನ್ನೆ ಹಾಕಿ ಪೂರ್ತಿ ₹1,58,000ಕ್ಕೆ ಇನ್ನೊಂದ್ಸಲ ಟ್ಯಾಕ್ಸ್ ಕಟ್ಟಿಸಿದ್ದ. ಹತ್ತತ್ರ ₹44,000 ಸುಮ್ನೆ ಹೋಗಿತ್ತು. ಮೇಡಂ ಪರಿಷ್ಕೃತ ರಿಟರ್ನ್ ಹಾಕಿದ್ರು, ಫೀ ₹3,500, ರಿಫಂಡ್ ಬಂತು. ಇಷ್ಟಕ್ಕೇ ನಾನು ಐದು ಸ್ಟಾರ್ ಕೊಡ್ತಿದ್ದೆ. ಆದ್ರೆ ನಿಜವಾದ ಕತೆ ಎರಡನೇ ಸಲದ್ದು.

ಆ ನಂತರದ ಕಂಪನಿ ಲಿಸ್ಟ್ ಆಗಿದ್ದಲ್ಲ, ಸ್ಟಾರ್ಟಪ್ಪು, ತಾಯಿ ಕಂಪನಿ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಣಿ, ನಾವು ಬೆಂಗಳೂರಿನ ಮರಿ ಕಂಪನಿ ನೌಕರರು. ಸೇರೋವಾಗ 4,000 ಆಪ್ಷನ್ ಕೊಟ್ಟಿದ್ರು, ಅಂದ್ರೆ ಮುಂದೆ ಬೆಲೆ ಎಷ್ಟೇ ಏರ್ಲಿ ಮೊದಲೇ ಬರೆದ ಬೆಲೆಗೆ ಶೇರು ಕೊಳ್ಳೋ ಹಕ್ಕು, ಒಂದಕ್ಕೆ 1.20 ಡಾಲರ್ ಬೆಲೆ, ನಾಲ್ಕು ವರ್ಷ ಇದ್ರೆ ಪೂರ್ತಿ ನಂದು. ಇದ್ದೆ. 2025ರ ಫೆಬ್ರವರಿ 28ಕ್ಕೆ ಬಿಟ್ಟೆ. ಬಿಟ್ಟ ಮಾರನೇ ದಿನ ಕಂಪನಿಯ ಆಪ್ಷನ್ ಲೆಕ್ಕ ತೋರಿಸೋ ಪೋರ್ಟಲಿಂದ ಮೇಲ್ ಬಂತು, ನಿಮ್ಮ ಆಪ್ಷನ್ ಚಲಾಯಿಸೋಕೆ (ದುಡ್ಡು ಕಟ್ಟಿ ಶೇರು ತಗೊಳ್ಳೋಕೆ) 90 ದಿನ ಇದೆ, ಮೇ 29 ದಾಟಿದ್ರೆ ಎಲ್ಲ ರದ್ದು ಅಂತ. ಪೋರ್ಟಲಲ್ಲಿ ದೊಡ್ಡ ಹಸಿರು ಅಕ್ಷರದಲ್ಲಿ 26,000 ಡಾಲರ್ ಅಂತ ತೋರಿಸ್ತಿತ್ತು, ಶೇರಿಗೆ ಈಗಿನ ಬೆಲೆ 6.50 ಡಾಲರ್ ಅಂತೆ. ಮನೇಲಿ ಹೇಳಿದೆ. ದೊಡ್ಡಪ್ಪ ಇನ್ಫೋಸಿಸ್ ಶೇರು ಇಟ್ಕೊಂಡೋರ ಕತೆ ತೆಗೆದ್ರು, ಆ ಕತೆ ನಮ್ಮ ಮನೇಲಿ ಯಾವ ಮದುವೆಗೂ ತಪ್ಪಲ್ಲ. ಆಯಿ ಮಾತ್ರ "ಅಷ್ಟು ದುಡ್ಡು ಕೊಡ್ತ ಅಂದ್ರೆ ನೀ ಎಂತಕ್ಕೆ ಬಿಟ್ಟೆ" ಅಂದ್ಲು.

ಮಾರ್ಚ್ ಮಧ್ಯದಲ್ಲಿ ಕಾಗದ ಪತ್ರ ಪ್ರಿಂಟ್ ಹಾಕಿಸ್ಕೊಂಡು ಮೆಟ್ಟಿಲು ಹತ್ತಿದೆ. ಒಳಗೆ ಒಬ್ರು ಅಡಿಕೆ ವ್ಯಾಪಾರಸ್ಥರು ಜಿಎಸ್‌ಟಿ ನೋಟಿಸ್ ಹಿಡ್ಕೊಂಡು ಕೂತಿದ್ರು, ಟೇಬಲ್ ಮೇಲೆ ಯಾವುದೋ ಸೊಸೈಟಿಯ ಆಡಿಟ್ ಫೈಲುಗಳ ಗುಡ್ಡೆ. ಮುಕ್ಕಾಲು ಗಂಟೆ ಕಾದೆ. ಆಮೇಲೆ ಮೇಡಂ ನನ್ನ ಗ್ರಾಂಟ್ ಲೆಟರ್, ಅಂದ್ರೆ ಆಪ್ಷನ್ ಕೊಟ್ಟ ಪತ್ರ, ಓದಿದ್ರು, ಬೆರಳಿಟ್ಟು ಸಾಲು ಸಾಲಾಗಿ ಓದ್ತಾರೆ, ನಮ್ಮ ಶಾಲೆಯ ಮೇಷ್ಟ್ರ ಥರ. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದ್ರು.

"ನಾಲ್ಕು ಸಾವಿರ. ಎಷ್ಟರಲ್ಲಿ?"

ನಂಗೆ ಅರ್ಥ ಆಗ್ಲಿಲ್ಲ.

"ಅಲ್ಲಾ ಮಾರಾಯ, ಒಟ್ಟೂ ಶೇರು ಎಷ್ಟು? ಹತ್ತು ಲಕ್ಷವೋ ಹತ್ತು ಕೋಟಿಯೋ? ನಿಮ್ಮದು ನಾಲ್ಕು ಎಕರೆಯೋ ನಾಲ್ಕು ಗುಂಟೆಯೋ ಅಂತ ಗೊತ್ತಾಗದೇ ನಾನು ಎಂತ ಹೇಳ್ಲಿ?"

ನಾಲ್ಕು ವರ್ಷ. ನಾಲ್ಕು ವರ್ಷ ನಾನು ಆ ಪೋರ್ಟಲ್ ತೆಗೆದು ಹಸಿರು ಅಂಕಿ ನೋಡಿ ಖುಷಿ ಪಟ್ಟಿದ್ದೀನಿ, ಈ ಪ್ರಶ್ನೆ ನಂಗಾಗ್ಲಿ ನನ್ನ ಟೀಮಲ್ಲಿ ಯಾರಿಗಾಗ್ಲಿ ಹೊಳೆದೇ ಇಲ್ಲ. ಇದೇ ನಾನು ಅಪ್ಪಯ್ಯನ ಜೊತೆ ಟೆಂಡರಿಗೆ ಅಡಿಕೆ ತಗೊಂಡು ಹೋದ್ರೆ ವ್ಯಾಪಾರಿಗಳು ರಾಶಿ ಬೇರೆ ಚಾಲಿ ಬೇರೆ ಬೆಟ್ಟೆ ಬೇರೆ ಬಿಳೇಗೋಟು ಬೇರೆ, ಅಡಿಕೆ ಒಡೆದು ಒಳಗೆ ಕಪ್ಪಿದ್ಯಾ ಅಂತ ನೋಡ್ದೇ ಒಂದು ರೂಪಾಯಿನೂ ಬರೆಯಲ್ಲ. ನಾನು ಬಾಯಿ ಕಟ್ಟಿದ ಚೀಲ ನೋಡಿ ರೇಟ್ ನಂಬಿದ್ದೆ.

ಆಮೇಲೆ ಅವರು ಒಂದು ಹಾಳೆ ಮೇಲೆ ಲೆಕ್ಕ ಬರೆದ್ರು, ಆ ಹಾಳೆ ಈಗಲೂ ನನ್ನ ಹತ್ರ ಇದೆ. 4,000 ಆಪ್ಷನ್ ಚಲಾಯಿಸೋಕೆ ಕಂಪನಿಗೆ ಕಟ್ಟೋದು 4,800 ಡಾಲರ್, ಡಾಲರಿಗೆ ₹85 ಹಿಡಿದ್ರೆ ₹4.08 ಲಕ್ಷ. 6.50ರಲ್ಲಿ 1.20 ಕಳೆದ್ರೆ 5.30, ಅದು ನಂಗೆ ಸಿಕ್ಕ ಸಂಬಳ ಅಂತ ಕಾನೂನಿನ ಲೆಕ್ಕ, 4,000 ಶೇರಿಗೆ 21,200 ಡಾಲರ್, ಅಂದ್ರೆ ₹18 ಲಕ್ಷ ಚಿಲ್ಲರೆ. ನಂದು 30 ಪರ್ಸೆಂಟ್ ಸ್ಲ್ಯಾಬು, ಸೆಸ್ ಸೇರಿ 31.2, ಟ್ಯಾಕ್ಸ್ ₹5.62 ಲಕ್ಷ. ಎರಡೂ ಕೂಡಿಸಿದ್ರೆ ₹9.70 ಲಕ್ಷ. ಇಷ್ಟು ಕೈಯಿಂದ ಕಟ್ಟಿದ ಮೇಲೆ ಸಿಗೋದು ಮಾರೋಕೆ ಮಾರ್ಕೆಟ್ಟೇ ಇಲ್ಲದ ಕಾಗದ. ಕೊಳೆ ಬಂದ ತೋಟಕ್ಕೆ ಯಾರೂ ಫಸಲಿನ ಲೆಕ್ಕದಲ್ಲಿ ಕಂದಾಯ ಕೇಳಲ್ಲ, ಇಲ್ಲಿ ಮಾತ್ರ ಮಾರ್ದೇ ಇದ್ರೂ ಮಾರಿದ ಹಂಗೇ ಟ್ಯಾಕ್ಸು.

ಇದಕ್ಕೊಂದು ಪರಿಹಾರ 2020ರಲ್ಲಿ ಬಂದಿದೆಯಲ್ಲ, ಸ್ಟಾರ್ಟಪ್ ನೌಕರರು ಟ್ಯಾಕ್ಸ್ ಮುಂದೂಡಬಹುದು ಅಂತ, ನಾನು ಎಲ್ಲೋ ಓದಿದ್ದೆ, ಕೇಳಿದೆ. ಹೌದು, ಆವಾಗಿನ ಕಾಯ್ದೆ ಪ್ರಕಾರ ಮಾರೋವರೆಗೆ ಅಥವಾ ಕೆಲಸ ಬಿಡೋವರೆಗೆ ಅಥವಾ ಅಸೆಸ್‌ಮೆಂಟ್ ವರ್ಷ ಮುಗಿದು 48 ತಿಂಗಳವರೆಗೆ, ಯಾವ್ದು ಮೊದಲು ಬರತ್ತೋ ಅಲ್ಲಿವರೆಗೆ ಮುಂದೂಡಬಹುದಿತ್ತು. ಆದ್ರೆ ಅದು 80-ಐಎಸಿ ಸರ್ಟಿಫಿಕೇಟ್ (ಸ್ಟಾರ್ಟಪ್ಪಿಗೆ ಟ್ಯಾಕ್ಸ್ ರಿಯಾಯಿತಿಗೆ ಸರ್ಕಾರ ಕೊಡೋ ಮಾನ್ಯತೆ) ಇರೋ ಭಾರತದ ಸ್ಟಾರ್ಟಪ್ಪಿಗೆ ಮಾತ್ರ. ನಮ್ಮದಕ್ಕೆ ಅದಿಲ್ಲ, ನಾನು ಕೆಲಸಾನೂ ಬಿಟ್ಟಾಗಿದೆ, ಎರಡೂ ಕಡೆಯಿಂದ ಬಾಗಿಲು ಬಂದ್.

ಇಲ್ಲಿ ಅವರ ಬಗ್ಗೆ ನಂಗೆ ತುಂಬಾ ಇಷ್ಟ ಆಗಿದ್ದು ಹೇಳ್ಬೇಕು. ಅಮೆರಿಕದ ಕಾನೂನಲ್ಲಿ ಕಂಪನಿ ನಂಗೆ ಏನೇನು ಮಾಹಿತಿ ಕೊಡ್ಬೇಕು ಅಂತ ಕೇಳಿದಾಗ "ನಂಗೆ ಗೊತ್ತಿಲ್ಲ, ಓದ್ಕೊಂಡು ಹೇಳ್ತೇನೆ, ಒಂದು ವಾರ ಬಿಟ್ಟು ಬನ್ನಿ" ಅಂದ್ರು. ಗೊತ್ತಿಲ್ಲ ಅನ್ನೋ ಮಾತು ಹೇಳಿದ ಟ್ಯಾಕ್ಸ್‌ನೋರನ್ನ ನಾನು ಮೊದಲ ಸಲ ನೋಡಿದ್ದು. ವಾರ ಬಿಟ್ಟು ಹೋದ್ರೆ ಪೆನ್ಸಿಲಲ್ಲಿ ಗೆರೆ ಎಳೆದ ಪ್ರಿಂಟ್‌ಔಟಿನ ಒಂದು ಕಟ್ಟು, ಅವರೂ ಹುರುಪಲ್ಲಿದ್ರು, ಸೊಸೈಟಿ ಆಡಿಟ್ ಮಾಡಿ ಮಾಡಿ ಬೇಜಾರಾಗಿತ್ತೇನೋ.

ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಅಮೆರಿಕದಲ್ಲಿ 1933ರ ಸೆಕ್ಯುರಿಟೀಸ್ ಆಕ್ಟ್ ಪ್ರಕಾರ ಯಾವುದೇ ಕಂಪನಿ ಶೇರು ಮಾರ್ಬೇಕಂದ್ರೆ ಅಲ್ಲಿಯ ಶೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿಲಿ ನೋಂದಣಿ ಮಾಡಿಸ್ಬೇಕು, ಜಮಾ ಖರ್ಚೆಲ್ಲ ಜಗತ್ತಿಗೆ ತೋರಿಸ್ಬೇಕು. ನೌಕರರಿಗೆ ಕೊಡೋ ಶೇರಿಗೂ ಅದೇ ಅಂದ್ರೆ ಸಣ್ಣ ಕಂಪನಿಗಳು ಕೊಡೋದೇ ಇಲ್ಲ ಅಂತ 1988ರಲ್ಲಿ ರೂಲ್ 701 ಅಂತ ಒಂದು ವಿನಾಯಿತಿ ತಂದ್ರು. ನಮ್ಮ ಥರ ಲಿಸ್ಟ್ ಆಗದ ಕಂಪನಿಗಳಿಗೆ ಅದು. ಶರತ್ತು ಏನಂದ್ರೆ ಪ್ಲಾನಿನ, ಅಂದ್ರೆ ಆಪ್ಷನ್ ಹಂಚೋ ನಿಯಮಗಳ ದಾಖಲೆಯ, ಒಂದು ಪ್ರತಿಯನ್ನ ನೌಕರನಿಗೆ ಕೊಡ್ಲೇಬೇಕು. ಮತ್ತೆ 12 ತಿಂಗಳಲ್ಲಿ ಹಂಚಿದ್ದು ಇಂಥಾ ಮೊತ್ತ ದಾಟಿದ್ರೆ ಆಗ ಹಣಕಾಸಿನ ಪಟ್ಟಿ, ಅಪಾಯಗಳು ಏನೇನು ಅನ್ನೋ ವಿವರ, ಪ್ಲಾನಿನ ಸಾರಾಂಶ ಎಲ್ಲ ಕೊಡ್ಬೇಕು, ಅದೂ ನೌಕರ ದುಡ್ಡು ಕಟ್ಟೋಕೆ ಸಾಕಷ್ಟು ಮೊದಲೇ. ಹಣಕಾಸಿನ ಪಟ್ಟಿ 180 ದಿನಕ್ಕಿಂತ ಹಳೇದಿರಬಾರದು. ಆ ಮೊತ್ತ 1999ರಿಂದ 50 ಲಕ್ಷ ಡಾಲರ್ ಇತ್ತು. 2018ರಲ್ಲಿ ಅಲ್ಲಿಯ ಸಂಸತ್ತು ಬ್ಯಾಂಕುಗಳ ನಿಯಮ ಸಡಿಲಿಸೋ ಒಂದು ದೊಡ್ಡ ಕಾಯ್ದೆ ತಂತಲ್ಲ, ಮೇ 24ಕ್ಕೆ ಸಹಿ ಬಿತ್ತು, ಅದರೊಳಗೆ ಒಂದು ಸಣ್ಣ ಕಲಮು ಸೇರಿಸಿ ಇದನ್ನ ಒಂದು ಕೋಟಿ ಡಾಲರಿಗೆ ಏರಿಸಿಬಿಟ್ರು.

ಒಂದು ಕೋಟಿ ಡಾಲರ್ ಅಂದ್ರೆ ಯಾವ ಲೆಕ್ಕದಲ್ಲಿ ಅನ್ನೋದೇ ಇಲ್ಲಿಯ ಮಜಾ. ಪೋರ್ಟಲಲ್ಲಿ ತೋರಿಸೋ ಹಸಿರು ಅಂಕಿ ಲೆಕ್ಕ ಅಲ್ಲ. ಆಪ್ಷನ್ ಕೊಟ್ಟ ದಿನ ಅದರ ಮೇಲೆ ಬರೆದ ಬೆಲೆ ಲೆಕ್ಕ. ನಂಗೆ ತೋರಿಸಿ ಆಸೆ ಹುಟ್ಟಿಸಿದ್ದು 26,000 ಡಾಲರ್, ಕಾನೂನಿನ ಆ ಲೆಕ್ಕಕ್ಕೆ ನಾನು ಬರೀ 4,800 ಡಾಲರಿನ ಗಿರಾಕಿ. 1.20ರ ಬೆಲೆಗೆ ಒಂದು ಕಂಪನಿ 12 ತಿಂಗಳಲ್ಲಿ 83 ಲಕ್ಷಕ್ಕಿಂತ ಜಾಸ್ತಿ ಆಪ್ಷನ್ ಹಂಚಿದ್ರೆ ಮಾತ್ರ ಆ ಗೆರೆ ದಾಟೋದು. ಅಲ್ಲಿವರೆಗೆ ಪ್ಲಾನಿನ ಪ್ರತಿ ಕೈಗಿಟ್ಟು ಸುಮ್ನಿರಬಹುದು. ಗೆರೆ ಮೇಲಕ್ಕೆ ಹಾಕಿದ್ದು ಸರಿ ಅನ್ನೋರೂ ಇದ್ದಾರೆ, ನೂರು ಜನ ನೌಕರರಿಗೆ ಬ್ಯಾಲೆನ್ಸ್ ಶೀಟ್ ಕೊಟ್ರೆ ಅದು ಎದುರಾಳಿ ಕಂಪನಿ ಕೈಗೆ ಹೋಗಲ್ವಾ ಅಂತ ಅವರ ವಾದ. ಇರಬಹುದು. ಆದ್ರೆ ಕೋಟಿಗಟ್ಟಲೆ ಹಾಕೋ ಇನ್ವೆಸ್ಟರ್ ಎಲ್ಲ ನೋಡೇ ಹಾಕ್ತಾನೆ, ಉಳಿತಾಯದಿಂದ ಹತ್ತು ಲಕ್ಷ ಹಾಕೋ ನಾನು ಕಣ್ಣು ಮುಚ್ಕೊಂಡು ಹಾಕ್ಬೇಕು ಅನ್ನೋದು ನಂಗಂತೂ ಹಿಡಿಸ್ಲಿಲ್ಲ.

ಗೆರೆ ದಾಟಿಯೂ ಕೊಡದೇ ಸಿಕ್ಕಿಬಿದ್ದೋರೂ ಇದ್ದಾರೆ. ಗೂಗಲ್ ಐಪಿಒಗೆ ಮೊದಲು 8 ಕೋಟಿ ಡಾಲರಿಗಿಂತ ಜಾಸ್ತಿ ಆಪ್ಷನ್ ಹಂಚಿ ನೌಕರರಿಗೆ ಹಣಕಾಸಿನ ವಿವರ ಕೊಡ್ಲಿಲ್ಲ ಅಂತ 2005ರ ಜನವರಿಯಲ್ಲಿ ಎಸ್‌ಇಸಿ ಅದರ ಮೇಲೆ ಆದೇಶ ಮಾಡಿತ್ತು. 2018ರಲ್ಲಿ ಕ್ರೆಡಿಟ್ ಕರ್ಮ ಅನ್ನೋ ಕಂಪನಿಗೆ ಇದೇ ಕಾರಣಕ್ಕೆ 1,60,000 ಡಾಲರ್ ದಂಡ. ಗೂಗಲ್‌ನೋರ ಶೇರು ಆಮೇಲೆ ಎಲ್ಲಿಗೋ ಹೋಯ್ತು, ನೌಕರರು ಯಾರೂ ಅತ್ತಿರಲಿಕ್ಕಿಲ್ಲ ಬಿಡಿ.

ಇನ್ನೊಂದು ತೊಡಕು, ನಾವು ಭಾರತದಲ್ಲಿ ಕೂತಿರೋರು. ಅಮೆರಿಕದ ಹೊರಗೆ ಕೊಡೋ ಶೇರಿಗೆ ರೆಗ್ಯುಲೇಷನ್ ಎಸ್ ಅನ್ನೋ ಬೇರೆ ದಾರಿ ಇದೆ, ಕಂಪನಿ ನಮ್ಮನ್ನ ಆ ಪಟ್ಟಿಗೆ ಹಾಕಿದ್ರೆ 701ರ ಕಾಗದ ನಮಗೆ ಕೊಡ್ಬೇಕು ಅಂತ ಹಠ ಹಿಡಿಯೋಕೆ ಬರಲ್ಲ. ಸರಿ, ನಮ್ಮ ಕಾನೂನು? ಅದು ಇದೆ, ಆದ್ರೆ ಬೇರೆಯವರಿಗೆ. ಇಲ್ಲಿ ಲಿಸ್ಟ್ ಆದ ಕಂಪನಿಗೆ ನಮ್ಮ ಶೇರುಪೇಟೆ ನಿಯಂತ್ರಕ ಸೆಬಿಯ 2021ರ ನಿಯಮ ಇದೆ, ಆಪ್ಷನ್ ಕೊಡೋಕೆ ಮೊದಲು ನೌಕರನಿಗೆ ಅಪಾಯದ ವಿವರ, ಕಂಪನಿಯ ವಿವರ, ಸ್ಕೀಮಿನ ವಿವರ ಕೊಡ್ಲೇಬೇಕು, ವೆಸ್ಟಿಂಗ್, ಅಂದ್ರೆ ಆಪ್ಷನ್ ನೌಕರನದ್ದಾಗೋಕೆ ಕಾಯೋ ಅವಧಿ, ಕನಿಷ್ಠ ಒಂದು ವರ್ಷ. ಲಿಸ್ಟ್ ಆಗದ ಭಾರತದ ಕಂಪನಿಗೆ 2013ರ ಕಂಪನಿ ಕಾಯ್ದೆ, 62ನೇ ಕಲಮು, ಅಲ್ಲಿ ವಿವರ ಎಲ್ಲ ಹೋಗೋದು ಶೇರುದಾರರ ಠರಾವಿಗೆ, ಡೈರೆಕ್ಟರುಗಳ ವರದಿಗೆ. ತಾಯಿ ಕಂಪನಿಯೇ ಡೆಲವೇರಿನದ್ದಾದ್ರೆ ಎರಡೂ ಇಲ್ಲ. ಮೇಡಂ ಇದನ್ನ ಹೇಳೋವಾಗ ಕವಳದ ಸಂಚಿ ಬಿಚ್ಚಿ ಅಡಿಕೆ ಕತ್ತರಿಸ್ತಾ "ಬಸ್ಸು ಕುಮಟಾದ್ದೂ ಅಲ್ಲ ಯಲ್ಲಾಪುರದ್ದೂ ಅಲ್ಲ, ನೀವು ನಾಕೆಯಲ್ಲಿ ನಿಂತಿದ್ದೀರಿ" ಅಂದ್ರು.

ನಗು ಬಂತು, ಆದ್ರೆ ಹೊಟ್ಟೆ ಉರೀತಿತ್ತು. ಅಂದಹಾಗೆ ಆ 90 ದಿನದ ಗಡುವಿನ ಮೂಲಾನೂ ಅವತ್ತೇ ಗೊತ್ತಾಗಿದ್ದು. ಅಮೆರಿಕದ ನೌಕರರಿಗೆ ಒಂದು ಬಗೆಯ ಆಪ್ಷನ್ನಿಗೆ ಟ್ಯಾಕ್ಸ್ ರಿಯಾಯಿತಿ ಇದೆ, ಕೆಲಸ ಬಿಟ್ಟು ಮೂರು ತಿಂಗಳೊಳಗೆ ಚಲಾಯಿಸಿದ್ರೆ ಮಾತ್ರ ಅದು ಸಿಗತ್ತೆ. ನಮಗೆ ಆ ರಿಯಾಯಿತಿಯೇ ಇಲ್ಲ, ಗಡುವು ಮಾತ್ರ ಅದೇ ಫಾರ್ಮಲ್ಲಿ ಕಾಪಿ ಆಗಿ ಬಂದಿದೆ.

ಸರಿ, ಹಕ್ಕಿದ್ಯೋ ಇಲ್ವೋ, ಕೇಳೋಕೆ ದುಡ್ಡು ಕೊಡ್ಬೇಕಾ? ಒಂದು ಮೇಲ್ ಬರೆದ್ವಿ, ಅವರು ಅಂಶ ಹೇಳಿದ್ರು ನಾನು ಇಂಗ್ಲಿಷಲ್ಲಿ ಹೊಡೆದೆ. ಒಟ್ಟೂ ಶೇರು ಎಷ್ಟು, ಎಲ್ಲ ಆಪ್ಷನ್ನೂ ಚಲಾವಣೆ ಆದ್ರೆ ಎಷ್ಟಾಗತ್ತೆ? ನನ್ನ ಆಪ್ಷನ್ ರೂಲ್ 701ರ ಅಡಿಗೋ ರೆಗ್ಯುಲೇಷನ್ ಎಸ್ ಅಡಿಗೋ? ಒಂದು ಕೋಟಿಯ ಗೆರೆ ದಾಟಿದ್ಯಾ, ದಾಟಿದ್ರೆ ಆ ದಾಖಲೆ ಎಲ್ಲಿ? ಕಂಪನಿ ಮಾರಾಟ ಆದ್ರೆ ಇನ್ವೆಸ್ಟರುಗಳ ಪ್ರಿಫರ್ಡ್ (ನಮಗಿಂತ ಮೊದಲು ದುಡ್ಡು ಪಡೆಯೋ) ಶೇರಿಗೆ ಮೊದಲ ಪಾಲು ಎಷ್ಟು? ಭಾರತದ ಟ್ಯಾಕ್ಸಿಗೆ ಮರ್ಚಂಟ್ ಬ್ಯಾಂಕರ್ (ಶೇರಿಗೆ ಬೆಲೆ ಕಟ್ಟೋ ಮಾನ್ಯತೆ ಇರೋ ಸಂಸ್ಥೆ) ಹಾಕಿದ ಬೆಲೆ ಯಾವ ತಾರೀಕಿನದ್ದು, ಚಲಾಯಿಸೋ ದಿನಕ್ಕೆ 180 ದಿನಕ್ಕಿಂತ ಹಳೇದಾದ್ರೆ ನಡೆಯಲ್ಲ ಅಲ್ವಾ?

ಎಚ್‌ಆರ್ ಮೊದಲು ಕಳಿಸಿದ್ದು ಒಂದು ವಿಡಿಯೋ ಲಿಂಕು, ನಿಮ್ಮ ಇಕ್ವಿಟಿ ಪಯಣ ಅಂತ ಅದರ ಹೆಸರು. ಎರಡನೇ ಸಲ ಬರೆದೆ, ಗೌಪ್ಯ ಅಂದ್ರು. ಮೂರನೇ ಸಲ ಬೆಂಗಳೂರು ಬಿಟ್ಟು ನೇರ ಅಮೆರಿಕದ ಲೀಗಲ್ ವಿಳಾಸಕ್ಕೇ ಹಾಕಿ ಅಂದ್ರು ಮೇಡಂ, ಹಾಕಿದೆ. ಮೇ 10, ಶನಿವಾರ ಬೆಳಿಗ್ಗೆ, 71ನೇ ದಿನ, ಉತ್ತರ ಬಂತು. ಗೆರೆ ದಾಟಿದ್ರಂತೆ, ನಮ್ಮನ್ನೂ ಸೇರಿಸಿ ಎಲ್ಲರನ್ನೂ 701ರಲ್ಲೇ ಲೆಕ್ಕ ಹಿಡಿದಿದ್ರಂತೆ. ಒಂದು ಲಿಂಕು, ಓದಬಹುದು ಡೌನ್‌ಲೋಡ್ ಆಗಲ್ಲ, ಪ್ರತಿ ಪುಟದ ಮೇಲೂ ಅಡ್ಡಕ್ಕೆ ನನ್ನ ಇಮೇಲ್ ವಿಳಾಸ ಛಾಪು. ಮನೇಲಿ ನೆಟ್ ಕೈಕೊಡ್ತಿತ್ತು, ಲ್ಯಾಪ್‌ಟಾಪ್ ಹಿಡ್ಕೊಂಡು ಮೇಡಂ ಆಫೀಸಿಗೇ ಬಂದೆ, ಇಬ್ರೂ ಕೂತು ಎರಡು ಗಂಟೆ ಓದಿದ್ವಿ, ಮಧ್ಯೆ ಕೆಳಗಿಂದ ಬನ್ಸು ಚಾ ತರಿಸಿದ್ರು, ದುಡ್ಡು ತಗೊಳ್ಲಿಲ್ಲ.

ಓದಿದ್ದನ್ನ ಇಲ್ಲಿ ಬರೆಯೋ ಹಂಗಿಲ್ಲ, ಗೌಪ್ಯತೆಗೆ ಒಪ್ಪಿ ಬಟನ್ ಒತ್ತಿದ್ದೀನಿ. ಇಷ್ಟು ಹೇಳ್ತೀನಿ, ಯಾವ ಕಂಪನಿಯದ್ದಾದ್ರೂ ನೋಡೋವಾಗ ನೋಡಬೇಕಾದ ಜಾಗ ಮೂರು ಅಂತ ಅವರು ತೋರಿಸ್ಕೊಟ್ರು. ಒಂದು, ಬ್ಯಾಂಕಲ್ಲಿರೋ ನಗದನ್ನ ತಿಂಗಳ ನಷ್ಟದಿಂದ ಭಾಗಿಸಿ, ಎಷ್ಟು ತಿಂಗಳು ಉಸಿರಿದೆ ಗೊತ್ತಾಗತ್ತೆ. ಎರಡು, ಕಂಪನಿ ಮಾರಾಟ ಆದ್ರೆ ಪ್ರಿಫರ್ಡ್ ಶೇರಿನೋರು ಮೊದಲು ಎಷ್ಟು ಎತ್ಕೊಳ್ತಾರೆ. ಉದಾಹರಣೆಗೆ ಅವರು ಹಾಕಿದ್ದು 6 ಕೋಟಿ ಡಾಲರ್, ಅಷ್ಟೂ ಅವರಿಗೆ ಮೊದಲು ಬರ್ಬೇಕು ಅಂತಿದ್ದು ಕಂಪನಿ ಮಾರಿದ್ದು 5 ಕೋಟಿಗೆ ಅಂದ್ರೆ ನಮ್ಮಂಥ ಕಾಮನ್ ಶೇರಿನೋರಿಗೆ ಪಂಕ್ತಿ ಹಾಕೋವಷ್ಟರಲ್ಲಿ ಅನ್ನ ಮುಗಿದಿರತ್ತೆ. ಮೂರು, ಅಪಾಯಗಳ ಪಟ್ಟಿ. ಅದು ಮೂವತ್ತು ಪುಟ ಇರತ್ತೆ, ಭೂಕಂಪ ಸಾಂಕ್ರಾಮಿಕ ಅಂತೆಲ್ಲ ಇರತ್ತೆ, ಅದನ್ನ ಹಾರಿಸಿ, ಒಬ್ಬನೇ ಗಿರಾಕಿ ಮೇಲೆ ನಿಂತಿದೀವಾ ಅನ್ನೋ ಥರದ ಸಾಲು ಎಲ್ಲಿದೆ ಹುಡುಕಿ.

ಕೊನೆಗೆ ತಗೊಳ್ಲಾ ಬೇಡ್ವಾ ಅಂತ ಕೇಳಿದೆ. ಹೇಳ್ಲಿಲ್ಲ. "ಅದು ನನ್ನ ಕೆಲಸ ಅಲ್ಲ" ಅಂದ್ರು ಅಷ್ಟೇ. ಆವಾಗ ಬೇಜಾರಾಯ್ತು, ಇಷ್ಟೆಲ್ಲ ಓದಿ ಒಂದು ಮಾತು ಹೇಳೋಕೆ ಏನು ಅಂತ. ಆದ್ರೆ ಪೂರ್ತಿ 4,000 ತಗೋಬೇಕು ಅಂತೇನಿಲ್ಲ, ಎಷ್ಟು ಬೇಕೋ ಅಷ್ಟು ಚಲಾಯಿಸಬಹುದು ಅಂತ ಪ್ಲಾನಿನ ಯಾವುದೋ ಪುಟದಲ್ಲಿದ್ದ ಸಾಲು ತೋರಿಸಿದ್ರು, ನಂಗೆ ಅದು ಗೊತ್ತೇ ಇರ್ಲಿಲ್ಲ. 600 ತಗೊಂಡೆ. ಕಂಪನಿಗೆ 720 ಡಾಲರ್, ₹61,200. ಟ್ಯಾಕ್ಸ್ ₹84,000 ಚಿಲ್ಲರೆ. ಒಟ್ಟು ಒಂದೂವರೆ ಲಕ್ಷದ ಹತ್ರ, ಒಂದು ಸ್ಕೂಟರ್ ಹೋಯ್ತು ಅಂದ್ಕೊಂಡೆ. ಉಳಿದ 3,400 ಮೇ 29ರ ರಾತ್ರಿ ಪೋರ್ಟಲಿಂದ ಮಾಯ. ಹಸಿರು ಅಂಕಿ ಬೂದು ಬಣ್ಣ ಆಯ್ತು. ಎದ್ದು ಕೂತು ನೋಡಿದೆ, ಸುಳ್ಳು ಯಾಕೆ ಹೇಳ್ಲಿ.

ಆ 720 ಡಾಲರ್ ಕಳಿಸೋಕೆ ಬ್ಯಾಂಕಲ್ಲಿ ಪಟ್ಟ ಪಾಡು ಬೇರೆ ಬರೀಬೇಕು. ಎ2 ಫಾರ್ಮ್, ವಿದೇಶಕ್ಕೆ ದುಡ್ಡು ಕಳಿಸೋ ಅರ್ಜಿ, ಬೇಕು ಅಂದ್ರೆ ಕೌಂಟರಿನ ಹುಡುಗ ಮೇಲೆ ಕೆಳಗೆ ನೋಡಿದ, ಇದು ಹುಬ್ಬಳ್ಳಿಗೆ ಹೋಗಿ ಬರ್ಬೇಕು ಅಂದ, ಆರು ದಿನ ಹಿಡೀತು. ಗಡುವಿಗೆ ಎರಡೇ ದಿನ ಉಳಿದಿತ್ತು. ನೀವು ಇಂಥ ಕೆಲಸಕ್ಕೆ ಕೈ ಹಾಕೋದಾದ್ರೆ ಹದಿನೈದು ದಿನ ಮೊದಲೇ ಬ್ಯಾಂಕಿಗೆ ಹೋಗಿ.

ಆಫೀಸಿನ ಬಗ್ಗೆ ಬಯ್ಯೋದೂ ಇದೆ. ವಾಟ್ಸಾಪಿಗೆ ಉತ್ತರ ಕೊಡಲ್ಲ, ನೀಲಿ ಟಿಕ್ ಬರತ್ತೆ ಅಷ್ಟೇ. ಅಪಾಯಿಂಟ್‌ಮೆಂಟ್ ಅಂತ ಇಲ್ಲ, ಹೋಗಿ ಕಾಯ್ಬೇಕು, ಒಂದು ಸಲ ಎರಡೂವರೆ ಗಂಟೆ ಕಾದಿದ್ದೀನಿ. ಮೆಟ್ಟಿಲು ವಯಸ್ಸಾದವರಿಗೆ ಸಾಧ್ಯಾನೇ ಇಲ್ಲ, ಕೈ ಹಿಡಿಯೋಕೆ ಒಂದೇ ಕಡೆ ಕಂಬಿ. ಮಾತು ಸ್ವಲ್ಪ ಖಾರ, ನನ್ನ ಮುಂದೆ ಬಂದಿದ್ದ ಒಬ್ಬನಿಗೆ "ಷೇರು ಇದೆ ಅನ್ನೋದು ಗೊತ್ತು, ಲಾಗಿನ್ ಗೊತ್ತಿಲ್ಲ ಅಂದ್ರೆ ನಾನೆಂತ ಜೋಯಿಸರಾ" ಅಂತ ಕೇಳಿದ್ರು, ಅವನ ಮುಖ ನೋಡೋಕಾಗ್ಲಿಲ್ಲ. ಮತ್ತೆ ಕರೆಂಟ್ ಹೋದ್ರೆ ಯುಪಿಎಸ್ ಹತ್ತು ನಿಮಿಷ, ಮಳೆಗಾಲದಲ್ಲಿ ಶಿರ್ಸಿ ಕರೆಂಟಿನ ಬಗ್ಗೆ ನಾನು ಹೇಳ್ಬೇಕಾ. ರಿಟರ್ನ್ ಕೆಲಸಕ್ಕೆ ಹೋಗೋದಾದ್ರೆ ಮಳೆ ಹಿಡಿಯೋಕೆ ಮೊದಲೇ ಹೋಗಿಬನ್ನಿ. ಎರಡನೇ ಸಲದ ಇಷ್ಟೂ ಓಡಾಟಕ್ಕೆ ತಗೊಂಡ ಫೀ ₹2,000, ಅದು ಕಮ್ಮಿ ಆಯ್ತು ಅಂತ ನಾನೇ ಹೇಳಿದೆ, "ನಾನೂ ಕಲಿತ್ನಲ್ಲ" ಅಂದ್ರು. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಆ ಮೆಟ್ಟಿಲಿಗೆ ಮುರ್ಕೊಂಡಿದ್ದು.

ಹೋಗೋವಾಗ ಏನೇನು ತಗೊಂಡು ಹೋಗ್ಬೇಕು ಅಂತ ಕೇಳ್ತೀರಿ, ಗ್ರಾಂಟ್ ಲೆಟರ್, ಪ್ಲಾನಿನ ಪೂರ್ತಿ ಪ್ರತಿ, ಬ್ರೋಕರ್ ಸ್ಟೇಟ್‌ಮೆಂಟ್ ಜನವರಿಯಿಂದ ಡಿಸೆಂಬರಿಂದು, ಫಾರ್ಮ್ 16ರ ಜೊತೆ ಬರೋ 12ಬಿಎ (ಸಂಬಳದ ಜೊತೆ ಸಿಕ್ಕ ಸೌಲಭ್ಯಗಳ ಪಟ್ಟಿ), ಎಲ್ಲ ಪ್ರಿಂಟ್ ಹಾಕಿಸಿಯೇ ತಗೊಂಡು ಹೋಗಿ, ಮೊಬೈಲಲ್ಲಿ ತೋರಿಸಿದ್ರೆ ಮುಟ್ಟಲ್ಲ. ಗಾಡಿ ಕೆರೆ ಹತ್ರಾನೇ ಎಲ್ಲಾದ್ರೂ ಬಿಟ್ಟು ನಡೆದು ಬನ್ನಿ, ಜವಳಿ ಅಂಗಡಿ ಮುಂದೆ ನಿಲ್ಲಿಸಿದ್ರೆ ಅಂಗಡಿಯವರು ಬಯ್ತಾರೆ.